ಅಫಿಡವಿಟ್ ಎಂಬ ಕ್ರಿಯಾಪದ

ಮಡಿಕೇರಿಯಲ್ಲಿ ಕೋರ್ಟಿನೆದುರು ಟೈಪಿಂಗ್ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ನನಗಂತೂ ಅಫಿಡವಿಟ್ ಅನ್ನುವ ಒಂದೇ ಪದ ಸಾಕಾಗಿದೆ. ಅದು ಲ್ಯಾಟಿನ್ ಕ್ರಿಯಾಪದವಂತೆ, 'ಅವನು ಆಣೆ ಮಾಡಿದ್ದಾನೆ' ಎಂದು ಅರ್ಥವಂತೆ. ಪಕ್ಕದ ವಕೀಲರು ಹೇಳಿದ್ದು. ಅಂದಿನಿಂದ ಕೇಳದವರಿಗೂ ಅರ್ಥ ಹೇಳುವ ಚಟ ನನಗೆ.

ಆಫೀಸ್ ಡೇವಿಡ್

ಕರಿಕೆ ಕಡೆಯ ಒಬ್ಬರಿಗೆ ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಕಚೇರಿಯಲ್ಲಿ ಅಫಿಡವಿಟ್ ತನ್ನಿ ಎಂದರಂತೆ. ಇವರು ಮರುದಿನ ತಮ್ಮ ಎಸ್ಟೇಟಿನ ಆಫೀಸಿನಲ್ಲಿ ಕೂತು ಲೆಕ್ಕ ಬರೆಯುವ ರೈಟರನ್ನೇ ಕರೆತಂದರು. ರೈಟರ ಹೆಸರು ಡೇವಿಡ್. ಕಾಫಿ ಕೊಯ್ಲಿನ ಸಮಯದಲ್ಲಿ ಕೆಲಸ ಬಿಟ್ಟು ಬಂದ ಸಿಟ್ಟು ಆತನ ಮುಖದಲ್ಲಿತ್ತು. ಕಚೇರಿಯವರು ಇಬ್ಬರನ್ನೂ ನನ್ನ ಹತ್ತಿರ ಅಟ್ಟಿದರು. ನಾನು ಪದದ ಅರ್ಥವನ್ನು ಬಿಡಿಸಿ ಬಿಡಿಸಿ ಹೇಳಿದೆ.

"ಅವನು ಆಣೆ ಮಾಡಿದ್ದಾನೆ ಅಂತಲ್ವಾ ಸಾರ್? ಹಾಗಾದ್ರೆ ನಾನ್ಯಾಕೆ, ಇವರೇ ಮಾಡ್ಲಿ. ಹೇಗೂ ಬಂದಿದ್ದಾರೆ" ಎಂದರು ಕರಿಕೆಯವರು.

ನಿಜ ಹೇಳುವವರು

ಶಿರಂಗಾಲದ ರೈತರೊಬ್ಬರದು ಜಮೀನಿನ ಪತ್ರದಲ್ಲಿ ಹೆಸರು ತಿದ್ದಿಸುವ ಕೆಲಸ. ಎಲ್ಲ ಟೈಪಾಗಿ ಸಹಿಯೊಂದೇ ಬಾಕಿ. ನಾನು ಸುಮ್ಮನಿರಲಾರದೆ, ಇದು ಆಣೆ ಇದ್ದ ಹಾಗೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಆಣೆ ಇಕ್ಕೋದು ಸುಳ್ಳು ಹೇಳೋರು ಸ್ವಾಮಿ. ನಂದು ನಿಜ. ಆಣೆ ಇಲ್ದಿರೋ ಪೇಪರ್ ಇದ್ರೆ ಕೊಡಿ."

ವಕೀಲರು ಬಂದು ಅವರಿಗೆ ಕೈಮುಗಿದರು, ನನಗೆ ಬೈದರು.

ಭೂತಕಾಲ

ನಮ್ಮ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರಿಗೆ ನಶ್ಯ ಏರಿಸದೆ ಹೊತ್ತು ಹೋಗದು. ದೇವರ ಮೇಲೆ ಇಟ್ಟ ಆಣೆಗಳೆಲ್ಲ ನೀರಿನಲ್ಲಿ ಹೋಮವಾಗಿದ್ದರಿಂದ ಅವರ ಹೆಂಡತಿ ಈ ಸಲ ಛಾಪಾ ಕಾಗದವೇ ಆಗಲಿ ಎಂದು ನನ್ನ ಅಂಗಡಿಗೆ ಎಳೆತಂದರು. ಮೇಷ್ಟ್ರು ನಶ್ಯ ಬಿಟ್ಟೆನೆಂದು ಸಹಿ ಹಾಕಿದರು. ನಾನು ಎಂದಿನಂತೆ ಅರ್ಥ ಹೇಳಿದೆ. ಮೇಷ್ಟ್ರ ಕಣ್ಣು ಅರಳಿತು. 'ಮಾಡಿದ್ದಾನೆ' ಅಂದರೆ ಭೂತಕಾಲ ತಾನೇ ಎಂದು ಕೇಳಿದರು. ನಾನು ಹೌದೆಂದೆ. ಹಾಳು ಬಾಯಿ.

ಮರುದಿನವೇ ಬಚ್ಚಲುಮನೆಯ ಹಿಂದೆ ನಶ್ಯದ ಡಬ್ಬಿಯ ಸಮೇತ ಸಿಕ್ಕಿಬಿದ್ದರು. ಆಣೆ ಭೂತಕಾಲದ್ದು, ಅದು ಮುಗಿಯಿತು, ವರ್ತಮಾನಕ್ಕೆ ಅನ್ವಯಿಸುವುದಿಲ್ಲ ಎಂದು ಹೆಂಡತಿಗೆ ವ್ಯಾಕರಣ ಪಾಠ ಮಾಡಿದರಂತೆ. ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಕೂತರೆ ತಟ್ಟೆಯೇ ಇಲ್ಲ. ಕೇಳಿದ್ದಕ್ಕೆ ಆಕೆ, "ನಿಮ್ದು ಊಟ ಆಯ್ತಲ್ಲ. ಭೂತಕಾಲದಲ್ಲಿ" ಎಂದು ಒಳಗೆ ಹೋದರಂತೆ.

ಮೇಷ್ಟ್ರು ಬಿರುಬಿಸಿಲಲ್ಲಿ ನನ್ನ ಅಂಗಡಿಗೆ ಓಡಿಬಂದು ಕುರ್ಚಿ ಹಿಡಿದು ನಿಂತರು.

"ಇನ್ನೊಂದು ಅಫಿಡವಿಟ್ ಹೊಡಿ ಮಾರಾಯ, ಭವಿಷ್ಯತ್ಕಾಲದಲ್ಲಿ. ಬೇಗ, ಸಾರು ಆರಿ ಹೋಗ್ತದೆ."