ಗೋಡೆಯಿಲ್ಲದ ಫ್ಲಾಟು ಮಾರಾಟಕ್ಕಿದೆ

ಒಂದು ಫ್ಲಾಟು ಮಾರೋದು ಏನು ಮಹಾ ಕೆಲಸ ಅಂದುಕೊಂಡಿದ್ದೆ. ಅದೂ ನಮ್ಮದು ಆರ್ಕಿಟೆಕ್ಟ್ ಕೈಯಲ್ಲಿ ಮರುಜನ್ಮ ಪಡೆದ ಫ್ಲಾಟು. ತುಮಕೂರಿನಲ್ಲಿ ಬೆಂಕಿಪೊಟ್ಟಣ ಜೋಡಿಸಿಟ್ಟಂಥ ಸಿಮೆಂಟು ಬ್ಲಾಕುಗಳ ಕಾಲೊನಿ, ಅದರಲ್ಲಿ ಮೂರನೇ ಮಹಡಿ. ನನ್ನ ಹೆಂಡತಿಯ ತಮ್ಮ ಚಂದ್ರು ಆರ್ಕಿಟೆಕ್ಟ್ ಆದ ಹೊಸತರಲ್ಲಿ, "ಭಾವ, ಜಾಗ ಹರಿದಾಡ್ಬೇಕು" ಅಂತ ಒಳಗಿನ ಗೋಡೆಗಳನ್ನೆಲ್ಲ ಒಡೆಸಿಬಿಟ್ಟಿದ್ದ. ಬಚ್ಚಲಿನ ಗೋಡೆ ಮಾತ್ರ ಉಳಿಸಿದ್ದ, ಅದೂ ಕರುಣೆಯಿಂದ.

ಜಾಗ ಹರಿದಾಡಿತೋ ಇಲ್ಲವೋ, ಒಗ್ಗರಣೆ ಘಾಟು ಚೆನ್ನಾಗಿ ಹರಿದಾಡಿತು. ಸಿ.ಎಸ್. ಪುರದಿಂದ ಅತ್ತೆ ಬಂದರೆ, ಸೀರೆ ಬದಲಾಯಿಸೋಕೂ ಮರೆಯಿಲ್ಲ ಅಂತ ಸಂಜೆ ಬಸ್ಸಿಗೇ ಹೊರಟುಬಿಡುತ್ತಿದ್ದರು. "ರೀ, ಒಂದೆರಡು ಗೋಡೆ ಕಟ್ಟಿಸ್ರೀ" ಅಂತ ನನ್ನ ಹೆಂಡತಿ ಸರೋಜ ಹೇಳುತ್ತಲೇ ಇದ್ದಳು. "ಮಾಡ್ರನ್ ಮನೆ ಕಣೇ, ಕೆಡಿಸ್ಬಾರ್ದು" ಅಂತ ನಾನೂ ಹೇಳುತ್ತಲೇ ಇದ್ದೆ.

ಕೊನೆಗೊಂದು ದಿನ, "ಹಂಗಾದ್ರೆ ಇದನ್ನ ಮಾರಿ. ಕ್ಯಾತ್ಸಂದ್ರದ ಕಡೆ ಗೋಡೆ ಇರೋ ಮನೆ ನೋಡಿ. ನಮ್ಮಮ್ಮ ಒಂದು ರಾತ್ರಿನಾದ್ರೂ ನನ್ನ ಮನೇಲಿ ಮಲಗ್ಬೇಕು" ಅಂದಳು. ಕಣ್ಣಲ್ಲಿ ನೀರಿತ್ತು. ಮಾರಿಯೇ ತೀರುತ್ತೇನೆ ಎಂದು ಹಠ ತೊಟ್ಟೆ.

ಮೊದಲು ಬಂದವರು ಗುಬ್ಬಿಯ ರಿಟೈರ್ಡ್ ಮೇಷ್ಟ್ರು, ಅವರ ಹೆಂಡತಿ. ಬಂದವರಿಗೆ ತಿಂಡಿ ಕೊಡದೆ ಮನೆ ತೋರಿಸುವುದುಂಟೇ? ನಾನು ಗಾಳಿ, ಬೆಳಕು ಅಂತ ಭಾಷಣ ಶುರು ಮಾಡುವುದಕ್ಕೂ ಸರೋಜ ಉಪ್ಪಿಟ್ಟಿಗೆ ಮೆಣಸಿನಕಾಯಿ ಒಗ್ಗರಣೆ ಹಾಕುವುದಕ್ಕೂ ಸರಿಹೋಯಿತು. ಎಲ್ಲರೂ ಕೆಮ್ಮುತ್ತ ಬಾಲ್ಕನಿಗೆ ಓಡಿದೆವು. ಮನೆ ತೋರಿಸುವ ಉಳಿದ ಕಾರ್ಯಕ್ರಮ ಕಿಟಕಿಯ ಮೂಲಕ ನೆರವೇರಿತು.

"ಅಡುಗೆಮನೆ ಎಲ್ಲಿ ಸ್ವಾಮಿ?" ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡು ಕೇಳಿದರು.

"ಅಲ್ಲಿ ಹೊಗೆ ಏಳ್ತಿದೆಯಲ್ಲಮ್ಮ, ಅದೇ."

"ದೇವರಮನೆ?"

"ದೇವರು ಎಲ್ಲಾ ಕಡೆನೂ ಇದಾನಲ್ಲಮ್ಮ" ಅಂದೆ.

ಆಕೆ ನಗಲಿಲ್ಲ. "ಅಡುಗೆಮನೆ, ದೇವರಮನೆ, ಒಂದು ರೂಮು. ಇಷ್ಟಕ್ಕೆ ಗೋಡೆ ಎದ್ರೆ ಹೇಳಿಕಳ್ಸಿ, ತಗೋತೀವಿ" ಅಂದರು.

ಮರುದಿನವೇ ಗಾರೆಯವರನ್ನು ಕರೆಸಿದೆ. ಮೆಟ್ಟಿಲ ತುಂಬ ಮರಳು ಚೆಲ್ಲಿಸಿ ಕೆಳಗಿನ ಮನೆಯವರಿಂದ ಬೈಸಿಕೊಂಡೆ. ಇಟ್ಟಿಗೆ ಹೊತ್ತು ಸೊಂಟ ಉಳುಕಿಸಿಕೊಂಡೆ. ಬೇಗ ಮುಗಿಯಲೆಂದು, "ಬಾಗಿಲು ಚಿಕ್ಕದಾದ್ರೂ ಪರವಾಗಿಲ್ಲ, ಎಬ್ಬಿಸಿ" ಎಂದು ಅಪ್ಪಣೆ ಕೊಡಿಸಿದೆ. ಗೋಡೆಗಳೆಲ್ಲ ಎದ್ದ ಮೇಲೆ ನೋಡಿದರೆ ಫ್ರಿಜ್ಜು ಅಡುಗೆಮನೆಯೊಳಗಿತ್ತು. ಬಾಗಿಲು ಅದಕ್ಕಿಂತ ಕಿರಿದಾಗಿತ್ತು. ಫ್ರಿಜ್ಜಿಗೆ ಜೀವಾವಧಿ ಶಿಕ್ಷೆಯಾಯಿತು. ಫ್ರಿಜ್ ಸಮೇತ ಮಾರಾಟ ಎಂದು ಗುಬ್ಬಿಗೆ ಫೋನ್ ಮಾಡಿದೆ.

ಮೇಷ್ಟ್ರು ದಂಪತಿ ತಟ್ಟೆಯಲ್ಲಿ ಎಲೆಅಡಿಕೆ, ತೆಂಗಿನಕಾಯಿ, ಅಡ್ವಾನ್ಸ್ ಇಟ್ಟುಕೊಂಡೇ ಬಂದರು. "ಈಗ ಮನೆ ಅನ್ನಿಸ್ತದೆ ಕಣಮ್ಮ" ಎಂದು ಆಕೆ ಸರೋಜಳ ಕೈ ಹಿಡಿದುಕೊಂಡರು. ನಾನು ಗೆದ್ದವನ ಗತ್ತಿನಲ್ಲಿ ತಟ್ಟೆಗೆ ಕೈ ಚಾಚಿದೆ.

ಸರೋಜ ಸೀದಾ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಏನೇ ಇದು?"

"ಮನೆ ಮಾರಲ್ಲ" ಅಂತ ಒಳಗಿಂದ ಉತ್ತರ ಬಂತು.

"ನೀನೇ ಮಾರಿ ಅಂದಿದ್ದಲ್ವೇನೇ?"

"ಗೋಡೆ ಇಲ್ಲ ಅಂತ ಅಂದಿದ್ದೆ. ನಾನು ವರ್ಷಗಟ್ಟಲೆ ಬಡ್ಕೊಂಡ್ರೂ ಏಳ್ದೆ ಇದ್ದ ಗೋಡೆ, ಗುಬ್ಬಿಯವರು ಒಂದ್ಸಲ ಅಂದಿದ್ದಕ್ಕೆ ಎದ್ದುಬಿಡ್ತಲ್ಲ. ಇನ್ಮೇಲೆ ಇಲ್ಲೇ ಇರ್ತೀನಿ. ಹೋಗಿ ನಮ್ಮಮ್ಮನ್ನ ಕರ್ಕೊಂಡು ಬನ್ನಿ."

ಮೇಷ್ಟ್ರ ಹೆಂಡತಿ, "ಆಯಮ್ಮ ಹೇಳೋದ್ರಲ್ಲಿ ತಪ್ಪೇನಿದೆ?" ಎಂದು ಅಡ್ವಾನ್ಸನ್ನು ಬ್ಯಾಗಿಗೆ ಸೇರಿಸಿದರು. ತಂದ ಕಾಯಿ ವಾಪಸ್ ಒಯ್ಯಬಾರದು ಅಂತ, ಬಾಗಿಲು ಒಂದಿಷ್ಟು ತೆಗೆಸಿ ಅದನ್ನು ಒಳಗೆ ಕೊಟ್ಟು, ತಾವೂ ಒಳಗೆ ಹೋದರು. ಕಾಯಿ ಒಡೆದ ಸದ್ದಾಯಿತು. ಮಧ್ಯಾಹ್ನಕ್ಕೆ ಕಾಯಿಪಾಯಸ ಸಿದ್ಧವಾಯಿತು.

ಊಟಕ್ಕೆ ಕೂತಾಗ ಮೇಷ್ಟ್ರು ನನ್ನ ಬೆನ್ನು ತಟ್ಟಿದರು. "ಹೋಗ್ಲಿ ಬಿಡಿ ಸ್ವಾಮಿ. ನಿಮ್ಮನೇನ ನಿಮಗೇ ಮಾರೋಕೆ ನಾವು ಗುಬ್ಬಿಯಿಂದ ಬರಬೇಕಾಯ್ತು ನೋಡಿ."

ನಾನು ಪಾಯಸಕ್ಕೆ ಲೋಟ ಒಡ್ಡಿದೆ.