ಎಡಗಡೆ ಚಕ್ರದ ನಟ್ಟು

ಈ ಸಂಗತಿಯನ್ನು ಹೇಳಿಬಿಡಬೇಕು ಎಂದು ಅಂದುಕೊಂಡು ಎಷ್ಟು ಕಾಲವಾಯಿತೋ ನನಗೇ ನೆನಪಿಲ್ಲ. ಮುಂದೂಡುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ. ಕಾರಿನ ಆಯಿಲ್ ಬದಲಾಯಿಸುವುದನ್ನು ಹಬ್ಬ ಕಳೆಯಲಿ ಎಂದು ಮುಂದೂಡುತ್ತೇನೆ. ಹಬ್ಬ ಕಳೆದ ಮೇಲೆ ಮಳೆ ನಿಲ್ಲಲಿ ಎನ್ನುತ್ತೇನೆ. ಮಳೆ ನಿಂತ ಮೇಲೆ, ಹೇಗೂ ಕಾರು ಹೊರಗೆ ತೆಗೆಯುವುದೇ ಅಪರೂಪವಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆಯಿಲ್ಲು ಕಪ್ಪಾಗುತ್ತದೆ, ಎಂಜಿನ್ನು ಗೊಣಗುತ್ತದೆ, ಅಷ್ಟೆ. ತಪ್ಪೊಪ್ಪಿಗೆಯನ್ನೂ ಹೀಗೇ ಮುಂದೂಡುತ್ತ ಹೋದರೆ ಏನಾಗುತ್ತದೆಂದು ತಿಳಿದದ್ದು ಕಳೆದ ಭಾನುವಾರ, ಹೂಟಗಳ್ಳಿಯ ನಮ್ಮ ಮನೆಯ ಗೇಟಿನ ಮುಂದೆ.

ಮೊದಲು ನನ್ನ ವಿದ್ಯಾಭ್ಯಾಸ ಹೇಳುತ್ತೇನೆ. ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಎಸ್ಸೆಸ್ಸೆಲ್ಸಿಗೆ ಮುಗಿಯುತ್ತದೆ. ನಾನು ಓದಿದ ಹೈಸ್ಕೂಲಿನಲ್ಲಿ ಹುಡುಗರಿಗೆ ಮೋಟಾರು ರಿಪೇರಿ, ಹುಡುಗಿಯರಿಗೆ ಹೊಲಿಗೆ ಎಂದು ಕಸುಬು ಕಲಿಸುತ್ತಿದ್ದರು. ಮೋಟಾರು ಎಂದರೆ ಶೆಡ್ಡಿನಲ್ಲಿ ನಿಂತಿದ್ದ ಒಂದು ಮುದಿ ಜೀಪು. ಇನ್ನು ಇದು ಓಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಯಾರೋ ಪುಣ್ಯಾತ್ಮರು ಅದನ್ನು ವಿದ್ಯಾದಾನ ಮಾಡಿದ್ದರು. ಜೀಪಿನ ಬಲಮೈ ಗೋಡೆಗೆ ಒತ್ತಿಕೊಂಡಿದ್ದರಿಂದ ನಾವು ಕಲಿತದ್ದೆಲ್ಲ ಅದರ ಎಡಗಡೆಯೇ. ಕಾರಿನ ಬಲಗಡೆ ಏನಾದರೂ ಕೆಟ್ಟರೆ ನನಗೆ ಇಂದಿಗೂ ಅಳುಕು. ಆಯುಧಪೂಜೆಯ ದಿನ ಮಾತ್ರ ಆ ಜೀಪಿಗೆ ರಾಜಮರ್ಯಾದೆ. ತೊಳೆದು, ಹೂವು ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದೆವು. ಹಣ್ಣಿನ ಮೇಲೆ ಗಾಡಿ ಹಾಯಬೇಕಲ್ಲ, ಇಡೀ ಕ್ಲಾಸು ಸೇರಿ ತಳ್ಳುತ್ತಿದ್ದೆವು. ಹಣ್ಣು ಅಪ್ಪಚ್ಚಿಯಾದ ಮೇಲೆ ಮತ್ತೆ ಹಿಂದಕ್ಕೆ ತಳ್ಳಿ ಗೋಡೆಗೆ ಒರಗಿಸುತ್ತಿದ್ದೆವು.

ಮೋಟಾರು ಮೇಷ್ಟ್ರು ಹೇಳಿಕೊಟ್ಟ ಪಾಠಗಳಲ್ಲಿ ನನ್ನ ತಲೆಯಲ್ಲಿ ನಿಂತದ್ದು ಒಂದೇ: "ನಟ್ಟು ಎಡಕ್ಕೆ ತಿರುಗಿಸುದ್ರೆ ಸಡಿಲ, ಬಲಕ್ಕೆ ತಿರುಗಿಸುದ್ರೆ ಬಿಗಿ. ಈ ಜೀಪಿನ ಎಡಗಡೆ ಚಕ್ರಗಳಿಗೆ ಮಾತ್ರ ಉಲ್ಟಾ ಕಣ್ರೋ. ಚಕ್ರ ಓಡ್ತಾ ಓಡ್ತಾ ನಟ್ಟು ಬಿಚ್ಕೋಬಾರ್ದು ಅಂತ ಅಂಗೆ ಮಾಡವ್ರೆ." ಓಡದ ಜೀಪಿಗೆ ಎಂಥ ಮುಂಜಾಗ್ರತೆ ಎಂದು ನಾವು ನಕ್ಕಿದ್ದೆವು.

ಅದೇ ಸ್ಕೂಲಿನಲ್ಲಿ, ಅದೇ ತರಗತಿಯಲ್ಲಿ ನನ್ನ ಸೋದರಮಾವನ ಮಗಳೂ ಓದುತ್ತಿದ್ದಳು. ಲೆಕ್ಕದಲ್ಲಿ ಅವಳು ನನಗಿಂತ ಮುಂದೆ, ವಿಜ್ಞಾನದಲ್ಲಿ ಮುಂದೆ, ಸೀಬೆಮರ ಹತ್ತುವುದರಲ್ಲೂ ಮುಂದೆ. ನಮ್ಮವ್ವ ನನ್ನ ತಟ್ಟೆಗೆ ಸಾರಿನ ಜೊತೆ ಅವಳ ಅಂಕಗಳನ್ನೂ ಬಡಿಸುತ್ತಿದ್ದಳು. ನನಗೆ ಅಂತ ಉಳಿದಿದ್ದ ರಾಜ್ಯ ಆ ಜೀಪು ಒಂದೇ. ಅದರ ಮೇಲೂ ಅವಳ ಕಣ್ಣು ಬಿತ್ತು. ನೇರವಾಗಿ ಹೆಡ್ ಮೇಷ್ಟ್ರ ಹತ್ತಿರ ಹೋಗಿ, "ಹೊಲಿಗೆ ನಮ್ಮವ್ವನೇ ಕಲಿಸ್ತಾಳೆ ಸಾರ್. ಜೀಪು ಕಲಿಸೋರು ಮನೇಲಿ ಯಾರೂ ಇಲ್ಲ, ನನ್ನ ಅಲ್ಲಿಗೆ ಹಾಕಿ" ಎಂದಳಂತೆ. ಅವರು ಚರಿತ್ರೆ ಪಾಠ ಮಾಡುವವರು. ಸ್ವಯಂವರದ ಹಾಗೆ ಒಂದು ಪಣ ಇಟ್ಟರು: ನಾಳೆ ಎಲ್ಲರೆದುರಿಗೆ ಜೀಪಿನ ಚಕ್ರದ ಒಂದು ನಟ್ಟು ಸಡಿಲಿಸಿದರೆ ಸೇರಿಸಿಕೊಳ್ಳುತ್ತೇನೆ.

ಸಂಜೆ ಅವಳು ನಮ್ಮ ಮನೆಗೆ ಬಂದಳು. "ಭಾವ, ನಟ್ಟು ಯಾವ ಕಡೆಗೆ ತಿರುಗಿಸ್ಬೇಕು?"

"ಎಡಕ್ಕೆ" ಎಂದೆ.

ಇದು ಸುಳ್ಳಲ್ಲ. ಪ್ರಪಂಚದ ಬಹುಪಾಲು ನಟ್ಟುಗಳ ಮಟ್ಟಿಗೆ ಸತ್ಯವೇ. ಗೋಡೆಯ ಕಡೆಗಿದ್ದ ಚಕ್ರಗಳ ಮಟ್ಟಿಗೂ ಸತ್ಯ. ಅವಳ ಕೈಗೆ ಸಿಗುವ ಚಕ್ರ ಎಡಗಡೆಯದು ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.

ಮಾರನೆಯ ದಿನ ಮೋಟಾರು ಮೇಷ್ಟ್ರು ರಜ. ಹೆಡ್ ಮೇಷ್ಟ್ರಿಗೆ ಹೊಯ್ಸಳರ ವಂಶಾವಳಿ ಗೊತ್ತಿತ್ತೇ ಹೊರತು ನಟ್ಟಿನದು ಗೊತ್ತಿರಲಿಲ್ಲ. ಅವಳು ಲಂಗ ಎತ್ತಿ ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ಎಡಕ್ಕೆ ತಿರುಗಿಸಿದಳು. ಅಲ್ಲಾಡಲಿಲ್ಲ. ಮೈಭಾರ ಬಿಟ್ಟು ಒತ್ತಿದಳು. ಹುಡುಗರೆಲ್ಲ ನನ್ನ ಮುಖ ನೋಡಿದರು. ನಾನು ಶೆಡ್ಡಿನ ತಗಡು ನೋಡಿದೆ. ಕೊನೆಗೆ ಹೆಡ್ ಮೇಷ್ಟ್ರು, "ಬುಡಮ್ಮ, ಹೆಣ್ಮಕ್ಕಳ ಕೈಲಿ ಅಷ್ಟು ಬಲ ಎಲ್ಲಿಂದ ಬರ್ಬೇಕು" ಎಂದು ಕರುಣೆಯಿಂದಲೇ ಹೇಳಿದರು. ಅವಳು ಕೆಂಪಾಗಿದ್ದ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ ಹೊಲಿಗೆ ಕ್ಲಾಸಿಗೆ ಹೋದಳು. ಮುಂದಿನ ವಾರ ಅದೇ ನಟ್ಟು ಬಿಚ್ಚಲು ಹೋದಾಗ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಅದರ ಮೇಲೆ ಹುಡುಗರು ಹತ್ತಿ ಕುಣಿಯಬೇಕಾಯಿತು. "ಯಾವ ಭೀಮ ಬಿಗಿದ್ನೋ ಇದನ್ನ?" ಎಂದರು ಮೋಟಾರು ಮೇಷ್ಟ್ರು.

ಪಣದಲ್ಲಿ ಸೋತ ಆ ಹುಡುಗಿಯನ್ನೇ ಮುಂದೆ ಹಿರಿಯರು ನನಗೆ ಗಂಟು ಹಾಕಿದರು. ಮದುವೆಯಾದ ಮೇಲೆ 'ಭಾವ' ಹೋಗಿ 'ರೀ' ಬಂತು. ನನ್ನ ಕಡೆಯಿಂದ ಅವಳ ಹೆಸರು ಹೋಗಿ 'ಇವಳೇ' ಬಂತು. ನಮ್ಮ ಕಡೆ ಹೆಂಡತಿಯನ್ನು ಹೆಸರು ಹಿಡಿದು ಕೂಗುವ ಗಂಡಸನ್ನು ಪಕ್ಕದ ಮನೆಯವರು ಇಣುಕಿ ನೋಡುತ್ತಿದ್ದ ಕಾಲ ಅದು. ಹೆಬ್ಬಾಳದ ಫ್ಯಾಕ್ಟರಿ ಕೆಲಸದಲ್ಲಿದ್ದಾಗ ಒಂದು ಹಳೆಯ ಕಾರು ಕೊಂಡೆ. ಭಾನುವಾರವೆಲ್ಲ ಅದರ ಕೆಳಗೇ ಮಲಗಿರುತ್ತಿದ್ದೆ. ಇವಳು ಟಾರ್ಚ್ ಹಿಡಿಯುತ್ತಿದ್ದಳು. ಸ್ಪ್ಯಾನರ್ ಕೊಟ್ಟರೆ ಮಾತ್ರ, "ಅದಕ್ಕೆಲ್ಲ ನನ್ ಕೈಲಿ ಬಲ ಇಲ್ಲ ಬುಡಿ" ಎಂದು ದೂರ ಸರಿಯುತ್ತಿದ್ದಳು. ನಂಬಿಬಿಟ್ಟಿದ್ದಳು. ತಮಾಷೆಯೆಂದರೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ನನ್ನಿಂದ ತೆಗೆಯಲಾಗದೆ ಅವಳಿಗೇ ಕೊಡುವುದು. ಅವಳು ಒಂದೇ ಸಲಕ್ಕೆ ತೆಗೆಯುತ್ತಾಳೆ. ಪ್ರತಿಸಲವೂ ಇವತ್ತು ಹೇಳಿಬಿಡೋಣ ಎನ್ನಿಸುತ್ತದೆ. ಅಷ್ಟರಲ್ಲಿ ಉಪ್ಪಿನಕಾಯಿ ತಟ್ಟೆಗೆ ಬಂದಿರುತ್ತದೆ.

ನಮ್ಮ ಮೊಮ್ಮಗಳು ಈಗ ಒಂಬತ್ತನೇ ತರಗತಿ. ಅವಳ ಸ್ಕೂಲಿನಲ್ಲಿ ಮೂರನೇ ಭಾಷೆಯ ಬದಲು ಆಟೊಮೊಬೈಲ್ ತೆಗೆದುಕೊಳ್ಳಬಹುದಂತೆ. ಹಿಂದಿ ವ್ಯಾಕರಣಕ್ಕಿಂತ ಗ್ರೀಸೇ ವಾಸಿ ಎಂದು ತೆಗೆದುಕೊಂಡಿದ್ದಾಳೆ. ಯಾರೂ ಪಣ ಇಡಲಿಲ್ಲ. ಭಾನುವಾರ ತಾತನ ಕಾರಿನ ಚಕ್ರ ಬದಲಾಯಿಸಿ ತೋರಿಸುತ್ತೇನೆ ಎಂದು ಅಜ್ಜಿಯನ್ನು ಎಳೆದು ತಂದಳು.

"ಅಜ್ಜಿ, ನೀನೇ ಬಿಚ್ಚು."

"ನನ್ ಕೈಲಾಗಲ್ಲ ಕಣೆ. ಸ್ಕೂಲಲ್ಲೇ ಅದು ಗೊತ್ತಾಗೋಯ್ತು."

"ಸುಮ್ನೆ ಎಡಕ್ಕೆ ತಿರುಗ್ಸಜ್ಜಿ."

ತಿರುಗಿಸಿದಳು. ನಟ್ಟು ಕಿರ್ ಎಂದು ಬಂದೇಬಿಟ್ಟಿತು. ಅವಳು ಸ್ಪ್ಯಾನರನ್ನೇ ನೋಡುತ್ತ ನಿಂತಳು. "ಅವತ್ತೂ ಎಡಕ್ಕೇ ತಿರುಗಿಸಿದ್ದೆ ಕಣೆ. ಒಂಚೂರೂ ಅಲ್ಲಾಡ್ಲಿಲ್ಲ."

"ಯಾವ ಗಾಡಿ ಅದು?"

"ಹಳೇ ಜೀಪು."

"ಯಾವ ಕಡೆ ಚಕ್ರ?"

"ಎಡಗಡೆದು."

"ಅಯ್ಯೋ ಅಜ್ಜಿ, ಹಳೇ ಜೀಪಲ್ಲಿ ಎಡಗಡೆ ನಟ್ಟು ಉಲ್ಟಾ ಇರ್ತಿತ್ತಂತೆ, ನಮ್ ಸರ್ ಹೇಳಿದ್ರು. ನೀನು ಅದನ್ನ ಇನ್ನೂ ಬಿಗಿ ಮಾಡಿದ್ದೀಯ ಅಷ್ಟೆ. ನಿಂಗೆ ಎಡಕ್ಕೆ ಅಂತ ಹೇಳ್ಕೊಟ್ಟಿದ್ದು ಯಾರು?"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಸ್ಟೆಪ್ನಿಯ ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದೆ.

ಇವಳು ಜಗಳವಾಡಲಿಲ್ಲ. ಉಳಿದ ನಟ್ಟುಗಳನ್ನು ತಾನೇ ಒಂದೊಂದಾಗಿ ಬಿಚ್ಚಿದಳು. ಕೈ ತೊಳೆದು ಬಂದು, "ರೀ, ಕಾಫಿ ಫ್ಲಾಸ್ಕಲ್ಲಿ ಅದೆ. ಮುಚ್ಚಳ ನಾನೇ ಬಿಗಿದಿದ್ದೀನಿ. ಯಾವ ಕಡೆಗೆ ತಿರುಗಿಸ್ಬೇಕು ಅಂತ ನಿಮಗೆ ಗೊತ್ತಲ್ಲ" ಎಂದಳು.

ಅವತ್ತಿನಿಂದ ಈ ಮನೆಯ ಮುಚ್ಚಳಗಳೆಲ್ಲ ಬಿಗಿಯಾಗಿವೆ. ಫ್ಲಾಸ್ಕು, ಉಪ್ಪಿನಕಾಯಿ, ನನ್ನ ಮಂಡಿಗೆ ಹಚ್ಚುವ ಎಣ್ಣೆ ಕೂಡ. ಎಡಕ್ಕೆ ತಿರುಗಿಸಿದೆ, ಸಂಶಯ ಬಂದು ಬಲಕ್ಕೂ ತಿರುಗಿಸಿದೆ, ಬಟ್ಟೆ ಸುತ್ತಿ ನೋಡಿದೆ. "ಇವಳೇ" ಎಂದು ಕೂಗಿದರೆ, ಬಾನೆಟ್ ಎತ್ತಿಕೊಂಡು ಮೊಮ್ಮಗಳ ಜೊತೆ ಬಗ್ಗಿ ನಿಂತವಳು, "ಆ ಹೆಸರ್ನೋರು ಇಲ್ಲಿ ಯಾರೂ ಇಲ್ಲ" ಎನ್ನುತ್ತಾಳೆ. ಬಾಯಲ್ಲಿ ಬಾರದ್ದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ತಪ್ಪು ನನ್ನದು. ನಿನ್ನ ಕೈಯಲ್ಲಿ ಅವತ್ತೂ ಬಲ ಇತ್ತು, ಅದಕ್ಕೇ ನನಗೆ ಹೆದರಿಕೆಯಾಗಿತ್ತು. ಕಾಫಿ ಆರುತ್ತಿದೆ, ಈ ಮುಚ್ಚಳವೊಂದು ತೆಗೆದುಕೊಡು, ಸರೋಜ.