ಚಪ್ಪಲಿ ಹಾಕಿದ ಗೂಬೆ

ನಮ್ಮ ಸೋದರಮಾವನಿಗೆ ವರ್ಷದಲ್ಲಿ ಒಂದೇ ಸಲ ಸಿಟ್ಟು ಬರುತ್ತದೆ. ಯುಗಾದಿಗೆ ಬಂದದ್ದು ಮುಂದಿನ ಯುಗಾದಿಯವರೆಗೆ ಇಳಿಯುವುದಿಲ್ಲ, ಅಷ್ಟೇ! ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ‘ಮುಂದ್ ಹೋಗ್ರೀ, ಒಳಗೆ ಕಬಡ್ಡಿ ಆಡ್ಬಹುದು!’ ಎಂಬ ಅವರ ಕೂಗನ್ನು ಮದುವೆಮನೆಗಳಲ್ಲಿ ಅಣಕಿಸಿ ನಾನು ಚಪ್ಪಾಳೆ ಗಿಟ್ಟಿಸಿದ್ದೇನೆ. ನನ್ನದೆಂಬ ದನಿ ನನಗೆಲ್ಲಿದೆ? ಇರುವುದೆಲ್ಲ ಎರವಲು!

ಒಂದು ಸಂಜೆ, ನಾನು ಉಳಿದುಕೊಂಡಿದ್ದ ಅವರ ಮನೆಯ ಹಿಂದಿನ ಕೆರೆ ಏರಿಯ ಮೇಲೆ ಕೂತು, ಬಾಯಿ ಸುಮ್ಮನಿರಲಾರದೆ ಮೀನುಗೂಬೆಯ ಹಾಗೆ ‘ಊಂ… ಊಹೂಂ’ ಎಂದೆ. ಅದನ್ನು ಕೇಳಿ ನಂಬಿದ ಮಾವ ಮರುದಿನ ಹೊಸನಗರದ ಟೀ ಅಂಗಡಿಯಲ್ಲಿ ‘ನಮ್ ಕೆರೇಲಿ ಮೀನುಗೂಬೆ ಇದೆ’ ಎಂದು ಡಂಗುರ ಸಾರಿದರು. ಗೆಳೆಯರು ನಕ್ಕರು.

‘ನಮ್ಗೂ ತೋರ್ಸಿ ಮಾರಾಯ್ರೆ!’

‘ತೋರಿಸ್ದೆ ಈ ಅಂಗಡಿ ಮೆಟ್ಲು ಹತ್ತಿದ್ರೆ ಕೇಳ್ರೋ!’

ನಿವೃತ್ತಿಯ ನಂತರ ಅವರಿಗಿದ್ದ ಒಂದೇ ಲೋಕ ಆ ಅಂಗಡಿ. ನಾನು ಆಗಲೇ ಒಪ್ಪಿಕೊಳ್ಳಬೇಕಿತ್ತು. ಆದರೆ ಆ ಸಿಟ್ಟಿನೆದುರು ಬಾಯಿ ಬಿಡುವವರು ಯಾರು? ಏರಿಯ ಮೇಲೆ ಮಾತ್ರ ದಿನಾ ಬಿಟ್ಟೆ!

ಗೂಬೆ ತೋರಿಸಲೆಂದು, ಕತ್ತಲಲ್ಲೂ ಕಾಣಿಸುವ ಅಗ್ಗದ ದುರ್ಬೀನಿಗಾಗಿ ಮಾವನ ಬೇಟೆ ಶುರುವಾಯಿತು. ಸಾಗರದಲ್ಲಿ ಕೊಂಡದ್ದಕ್ಕೆ ಹಸಿರು ಗಾಜು ಬಿಟ್ಟರೆ ಬೇರೇನೂ ಇರಲಿಲ್ಲ. ಮಾವ ಅಂಗಡಿಗೇ ನುಗ್ಗಿದರು. ‘ರಾತ್ರಿ ಹಗಲಿನಂಗೆ ಕಾಣ್ತದೆ ಅಂದ್ಯಲ್ಲ? ಇದ್ರಲ್ಲಿ ಹಗಲೇ ರಾತ್ರಿಯಂಗೆ ಕಾಣ್ತದಲ್ಲೋ!’

ತೀರ್ಥಹಳ್ಳಿಯಲ್ಲಿ ಕೊಂಡದ್ದಕ್ಕೆ ಪರದೆಯಿತ್ತು, ಕೆಂಪು ಚುಕ್ಕಿಯ ದೀಪವೂ ಇತ್ತು. ಸೊಳ್ಳೆಗೆ ಹೆದರಿ ಮಾವ ಗಾಜಿನ ಕಿಟಕಿ ಮುಚ್ಚಿಕೊಂಡು ನೋಡಿದರು; ಪರದೆಯೆಲ್ಲ ಬಿಳಿ. ಅಂಗಡಿಯವನೊಂದಿಗೆ ಫೋನಿನಲ್ಲೇ ಯುದ್ಧ!

‘ಕಿಟ್ಕಿ ತೆಗ್ದು ನೋಡಿ ಸಾರ್, ಬೆಳಕು ಗಾಜಿಗೆ ಹೊಡ್ದು ವಾಪಸ್ ಬರ್ತದೆ.’

‘ಕಿಟ್ಕಿ ತೆಗೆದ್ರೆ ಸೊಳ್ಳೆ ಬರ್ತದೆ. ಅದ್ಕೆ ನಿನ್ ಡಬ್ಬಿಲಿ ಎಂತ ಇಟ್ಟಿದೀಯ?’

ಸಿಟ್ಟು ನನಗೂ ಬಂತು. ಡಬ್ಬಿಯ ಮೇಲೆ ‘ಇನ್ನೂರು ಮೀಟರ್’ ಎಂದಿತ್ತು. ಅಂಗಳದ ತುಳಸಿಕಟ್ಟೆ ದಾಟಿದರೆ ಅದರ ಪಾಲಿಗೆ ಲೋಕವೇ ಇರಲಿಲ್ಲ! ಕಡಿಮೆ ದುಡ್ಡಿನವನಿಗೆ ಹಗಲಲ್ಲೂ ಕಣ್ಣು ಕಾಣುವುದಿಲ್ಲ ಎಂದುಕೊಂಡಿದ್ದಾರೆಯೇ ಈ ಅಂಗಡಿಯವರು? ಆದರೆ ಅವರನ್ನು ಬೈಯುವಾಗೆಲ್ಲ ನನ್ನ ನಾಲಿಗೆ ನನ್ನನ್ನೇ ಕಚ್ಚುತ್ತಿತ್ತು. ಅವರು ಮಾರಿದ್ದು ಸುಳ್ಳು ದುರ್ಬೀನು. ನಾನು ಬಿಟ್ಟದ್ದು ಸುಳ್ಳು ಗೂಬೆ.

ದೂರ ಕಾಣದಿದ್ದರೆ ಹತ್ತಿರ ಹೋಗುವುದು ತಾನೇ? ಒಂದು ಸಂಜೆ ನಾನು ‘ಊಂ’ ಎನ್ನುವಷ್ಟರಲ್ಲಿ ಏರಿಯ ಕೆಳಗೆ ಕೆಂಪು ಚುಕ್ಕಿ ಹೊಳೆಯಿತು. ಚುಕ್ಕಿ ತುಸು ಹೊತ್ತು ನಿಂತು, ಹಿಂತಿರುಗಿತು. ಊಟಕ್ಕೆ ಕೂತಾಗ ಏನೂ ಅರಿಯದವನಂತೆ ಕೇಳಿದೆ:

‘ಸಿಕ್ತಾ ಮಾವ, ಗೂಬೆ?’

‘ಸಿಕ್ತು. ಚಪ್ಪಲಿ ಹಾಕ್ಕೊಂಡಿತ್ತು.’

ಸಿಡಿಲಿಗೆ ಕಾದೆ, ಮಾವ ಮಜ್ಜಿಗೆ ಬಡಿಸಿಕೊಂಡು ಎದ್ದುಹೋದರು.

ಮರುದಿನ ಸಂಜೆ ತಪ್ಪೊಪ್ಪಿಕೊಳ್ಳಲು ಟೀ ಅಂಗಡಿಗೆ ಹೋದೆ. ಗೆಳೆಯರು ಆಗಲೇ ನಗುತ್ತಿದ್ದರು. ‘ನಿಮ್ಮಾವ ಬೆಳಿಗ್ಗೆ ಬಂದಿದ್ರೋ. ಮೆಟ್ಲು ಹತ್ಲಿಲ್ಲ. ಕೆಳಗೇ ನಿಂತು “ಗೂಬೆ ಇಲ್ಲ, ನನ್ ಕಿವಿಗೆ ವಯಸ್ಸಾಯ್ತು, ನಗ್ರೋ” ಅಂದು ಹೋದ್ರು.’

ಟಿಕೆಟ್ ಇಲ್ಲದ ಒಬ್ಬನನ್ನೂ ಬಿಡದಿದ್ದವರು! ನನ್ನ ತಲೆಯ ಮೇಲೆ ಕೂರಿಸಬಹುದಾಗಿದ್ದ ಗೂಬೆಯನ್ನು ತಮ್ಮ ತಲೆಯ ಮೇಲೆ ಕೂರಿಸಿಕೊಂಡಿದ್ದರು. ‘ಅವ್ರ ಕಿವಿ ಸರಿ ಇದೆ. ಆ ಗೂಬೆ ನಾನೇ’ ಎಂದೆ. ಯಾರದೋ ದನಿಯಲ್ಲ, ನನ್ನದೇ.

ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ‘ಹೇಳು ಅಂದೋರ್ ಯಾರೋ ನಿಂಗೆ, ಗೂಬೆ!’ ಎಂದು ಮಾವ ಜಗಲಿ ನಡುಗುವಂತೆ ಗುಡುಗಿದರು. ಆಮೇಲೆ ಒಳಗಿನಿಂದ ತಮ್ಮ ಗಂಬೂಟು ತಂದು ನನ್ನ ಕಾಲ ಬಳಿ ಎಸೆದರು.

‘ಏರಿ ಮೇಲೆ ಹಾವಿರ್ತವೆ. ಬರೀ ಚಪ್ಪಲೀಲಿ ಕೂರ್ಬೇಡ.’